ಯಾರ ಕೈ ಖಾಲಿ ಐತಿ?

ಮೊನ್ನೆ ನಳಕ್ಕೆ ನೀರು ಬಿಟ್ಟಾಗ ಬ್ಲೀಚಿಂಗ್ ಪೌಡರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನೀರಿನ ಟಾಕಿ ತೊಳೆದಿದ್ದರೋ ಏನೋ, ಪೌಡರನ್ನು ಮನಸ್ಸಿಗೆ ಬಂದಷ್ಟು ಸುರಿದಿದ್ದರು. ಕುಡಿಯುವ ನೀರಲ್ಲ ಅದು, ಕೊಡ ತುಂಬಿ ಬದಿಗಿಟ್ಟೆ. ಆದರೆ ಆ ವಾಸನೆ ನನ್ನನ್ನು ಮೂಡಲಗಿಯ ನಮ್ಮ ಓಣಿಯಿಂದ ಎತ್ತಿ, ಕಣಗಲಾ ಕಡೆಯ ಹೈವೇ ಬದಿಗಿದ್ದ ಆ ಪಾರ್ಕಿಗೆ ಒಯ್ದು ಇಳಿಸಿತು. ನೀರಿನ ಜಾರುಬಂಡಿ, ಸುತ್ತುವ ಕುರ್ಚಿ, ಸಿಮೆಂಟಿನ ಜಿರಾಫೆ... ಒಳಗೆ ಕಾಲಿಟ್ಟರೆ ಮೊದಲು ಬರುತ್ತಿದ್ದದ್ದು ಇದೇ ವಾಸನೆ. ಅದರ ಬೆನ್ನಿಗೇ ಆ ಬಳೆಗಾರ್ತಿ ನೆನಪಾದಳು.

ಅವಳು ನಮ್ಮ ಬಾಜೂಮನೆಯವಳು. ನಮ್ಮಿಬ್ಬರ ಹಿತ್ತಲಿಗೂ ಒಂದೇ ಗೋಡೆ, ಎದೆಮಟ್ಟದ್ದು. ಅವರದು ಹಿರಿಯರ ಕಾಲದಿಂದ ಬಳೆ ಮಾರುವ ಮುಸಲ್ಮಾನರ ಮನೆ. ಗಂಡ ತೀರಿದ ಮೇಲೆ ಬುಟ್ಟಿ ಅವಳ ತಲೆಗೆ ಬಂತು. ಮಸಗುಪ್ಪಿ, ಅದರಾಚೆಯ ತೋಟದ ಮನೆಗಳು, ಶ್ರಾವಣ ಬಂದರೆ ಘಟಪ್ರಭೆಯ ಓಣಿಗಳು, ಎಲ್ಲ ಕಡೆ ತಿರುಗುತ್ತಿದ್ದಳು. ರಜೆಯ ದಿನ ಬಸ್ಸು ಹತ್ತಿ ಹೋಗಿ ಆ ಪಾರ್ಕಿನ ಗೇಟಿನ ಹೊರಗೂ ಕೂಡುತ್ತಿದ್ದಳು. ಮಾತು ಬಹಳ. ಬಳೆ ಇಡುವವರ ಮಾತೇ ಹಾಗೆ. ಬಾಯಿ ಆಡಿಸುತ್ತಲೇ ಹೆಬ್ಬೆರಳ ಬುಡ ಒತ್ತಿ, ನಮಗೆ ನೋವು ತಿಳಿಯುವ ಮೊದಲೇ ಬಳೆ ಒಳಗೆ ಸರಿಸಿರುತ್ತಾರೆ. ಅಂಥವರ ಜೊತೆ ಮಾತಾಡುವಾಗ ನಾನು ಮೊದಲಿನಿಂದಲೂ ಒಂದು ಕಣ್ಣು ತೆರೆದೇ ಇಟ್ಟವಳು.

ಆಗ ನನ್ನ ಮೊಮ್ಮಗಳು ಲೀಲಿ ಸಾಲಿಗೆ ಹೋಗುವ ಹುಡುಗಿ. ಸೊಸೆ ಎರಡನೇ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮಗ ಹೊಲ ನೋಡಿಕೊಂಡು ಹೊತ್ತು ಮುಳುಗಿದ ಮೇಲೆ ಮನೆಗೆ ಬರುತ್ತಿದ್ದ. ಹುಡುಗಿ ನನ್ನ ಪಾಲಿಗೇ ಇದ್ದಳು. ಅವಳ ಎರಡೂ ಕೈಗೆ ತೊನ್ನು ಹತ್ತಿತ್ತು. ಮೊದಲು ಬೆರಳ ತುದಿಗೆ ಬಂತು, ಆಮೇಲೆ ಅಂಗೈ ಹಿಂಭಾಗಕ್ಕೆ ಹರಡಿತು. ನೋವಿಲ್ಲ, ತುರಿಕೆಯಿಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತುವ ಜಡ್ಡೂ ಅಲ್ಲ ಎಂದು ಡಾಕ್ಟರು ಹೇಳಿದರು. ಡಾಕ್ಟರು ಹೇಳಿದರೆ ಓಣಿಯವರು ಕೇಳುತ್ತಾರೆಯೇ? ಸಾಲಿಯಲ್ಲಿ ಲೀಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ ಎಂದು ಪಾಠ ಹೇಳುವ ಬಾಯಾರು ನನ್ನನ್ನು ಕರೆಸಿ ಹೇಳಿದ್ದರು. ಮನೆಯಲ್ಲೂ ಅಷ್ಟೇ. ಕೂತರೆ ಕೈ ಲಂಗದ ಮಡಿಕೆಯೊಳಗೆ. ನಿಂತರೆ ಬೆನ್ನ ಹಿಂದೆ.

ಒಮ್ಮೆ ಸಂತೆಯಲ್ಲಿ ಅವಳಿಗೆ ಬಳೆ ಇಡಿಸಲು ಕೂಡಿಸಿದೆ. ಆ ಬಳೆಗಾರ ಕೈ ನೋಡಿದ, ಬಳೆಗಳನ್ನು ಚಾಪೆಯ ಮೇಲೆ ಇಟ್ಟು, "ನೀವ ಇಡ್ರಿ ಅವ್ವಾರ" ಅಂದ. ನಾನು ಬಳೆ ಅಲ್ಲೇ ಬಿಟ್ಟು ಹುಡುಗಿಯನ್ನು ಎಬ್ಬಿಸಿಕೊಂಡು ಬಂದೆ. ಅವನ ಮೇಲೆ ನನಗೆ ಸಿಟ್ಟು ಬಂತು, ಅನುಮಾನ ಬರಲಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತೋ ಅದೇ ಅವನ ಕೈಯಲ್ಲಿತ್ತು. ಬಾಜೂಮನೆಯವಳು ಹಾಗಲ್ಲ. ಸುದ್ದಿ ತಿಳಿದ ದಿನವೇ ಗೋಡೆಯಾಚೆಯಿಂದ ಲೀಲಿಯನ್ನು ಕರೆದಳು. ಆ ಕೈಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ತಿಕ್ಕಿ ಮೆತ್ತಗೆ ಮಾಡಿ, ಹಸಿರು ಬಳೆ ಇಟ್ಟು ಕಳಿಸಿದಳು. ದುಡ್ಡು ಕೊಡಲು ಹೋದರೆ ಬೇಡ ಅಂದಳು. ಸುಮ್ಮನೆ ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಯಾಕೆ ಕೊಟ್ಟಳು?

ಯಾಕೆಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ತಿಳಿದಿದ್ದೆ. ಅವಳಿಗೆ ಹಿತ್ತಲಿನಲ್ಲಿ ಪತ್ರಾಸಿನ ತಗಡು ಹೊದಿಸಿ ಮಾಡು ಹಾಕಿಸಬೇಕಿತ್ತು. ಅದರ ಒಂದು ಬದಿ ಗೋಡೆಯ ಮೇಲೆ ಕೂಡಬೇಕು. ಆ ಗೋಡೆ ನನ್ನ ಮಾವ ಕಟ್ಟಿಸಿದ್ದು. ಒಮ್ಮೆ ಕೇಳಿದ್ದಳು, ನಾನು ಆಗುವುದಿಲ್ಲ ಅಂದಿದ್ದೆ. ಈಗ ಮೊಮ್ಮಗಳ ಕೈ ಹಿಡಿದು ಗೋಡೆ ಏರುತ್ತಿದ್ದಾಳೆ ಅಂದುಕೊಂಡೆ.

ಅದು ಅಲ್ಲಿಗೆ ನಿಲ್ಲಲಿಲ್ಲ. ದಿನಾ ಮುಂಜಾನೆ ಇಬ್ಬರದೂ ಗೋಡೆಯ ಬಳಿ ಗುಸುಗುಸು. ನಾನು ಬಾಗಿಲಿಗೆ ಬಂದರೆ ಸುಮ್ಮನಾಗುವರು. ಒಂದು ದಿನ ಬಚ್ಚಲ ಮರೆಯಲ್ಲಿ ನಿಂತು ನೋಡಿದೆ. ಬಳೆಗಾರ್ತಿ ಬುಟ್ಟಿ ಹೊತ್ತವಳ ಹಾಗೆ ಆಚೆ ಈಚೆ ತಿರುಗುತ್ತ, "ಯಾರ ಕೈ ಖಾಲಿ ಐತಿ? ಯಾರ ಕೈ ಖಾಲಿ ಐತಿ?" ಎಂದು ಕೂಗುತ್ತಾಳೆ. ಊರ ಮೇಲೆ ಬಳೆ ಮಾರುವಾಗಿನ ಕೂಗೇ ಅದು, ದನಿ ಮಾತ್ರ ಸಣ್ಣದು. ಕೂಗಿದ ಕೂಡಲೇ ಲೀಲಿ ಬಲಗೈ ಮೇಲೆತ್ತುತ್ತಾಳೆ. ಅಳ್ಳಾಡಿಸದೆ ಹಾಗೇ ಹಿಡಿಯುತ್ತಾಳೆ. ಇವಳು ಮುಖ ತಿರುಗಿಸಿ ಮುಂದೆ ಹೋಗುತ್ತಾಳೆ, ಮತ್ತೆ ಕೂಗುತ್ತಾಳೆ. ಮಾಟವೋ ಮಂತ್ರವೋ... ನೇರವಾಗಿ ಗೋಡೆಗೆ ಹೋಗಿ ನಿಂತೆ.

"ಏನ್ ನಡಸೀಯವಾ ನನ್ನ ಹುಡುಗಿ ಕೂಡ?"

"ಬೈಬ್ಯಾಡ್ರಿ ಅಕ್ಕಾರ. ಪಾರ್ಕಿನ್ಯಾಗ ಆನೀ ಶೋ ಐತಲ್ರಿ, ಅದರಾಗ ಒಂದ ಹುಡುಗೀನ ಆರಿಸಿ ಕಾಡಿನ ರಾಣಿ ಮಾಡ್ತಾರ. ಆಕಿಗೆ ರಾಣಿ ಆಗೂದೈತಂತ."

ಲೀಲಿ ಆ ಶೋ ಅನ್ನು ಬಳೆಗಾರ್ತಿಯ ಮೊಬೈಲಿನಲ್ಲಿ ನೋಡಿದ್ದಳಂತೆ. ರಾಣಿಯಾದವಳು ಒಂದು ಕೈ ಎತ್ತಿದರೆ ಆನೆ ಸೊಂಡಿಲು ಎತ್ತುತ್ತದೆ, ಇನ್ನೊಂದು ಕೈ ಎತ್ತಿದರೆ ಮಂಗಗಳು ಕುಣಿಯುತ್ತವೆ. ಎಲ್ಲವೂ ಕೈಯಿಂದಲೇ. ಇಷ್ಟು ದೊಡ್ಡ ಆಸೆಯನ್ನು ನನಗೆ ಹೇಳದೆ ಗೋಡೆಯಾಚೆ ಹೇಳಿದ್ದಳು.

"ಮಂದೀ ಮುಂದ ಆಕಿ ಕೈ ಎತ್ತಿಸಿ ನಗಸಾಕ ಹೊಂಟೀಯೇನು?" ಅಂದೆ.

"ನಾ ಎತ್ತಸಂಗಿಲ್ರಿ. ಆಕೀನ ಎತ್ತತೇನಿ ಅಂದಾಳ."

"ನಿನಗೇನ್ ಸಿಗತೈತಿ ಇದರಾಗ?"

"ನಾ ಬಳಿ ಇಟ್ಟ ಕೈ ಲಂಗದಾಗ ಮುಚ್ಚಿಕೊಂಡು ಕುಂತ್ರ ನನ್ನ ಬಳಿ ಯಾರು ನೋಡಬೇಕ್ರಿ? ಧಂದೇದ ಮಾತ್ರಿ ಅಕ್ಕಾರ" ಎಂದು ನಕ್ಕಳು.

ಅದನ್ನು ನಾನು ಅರ್ಧ ನಂಬಿದೆ. ಲೀಲಿ ನನ್ನ ಮುಖ ನೋಡುತ್ತ ನಿಂತಳು. ಆ ಹುಡುಗಿ ಏನನ್ನಾದರೂ ಬೇಕೆಂದದ್ದು ಅದೇ ಮೊದಲು. ಹೋಗುವುದಾದರೆ ನಾನೂ ಬರುತ್ತೇನೆ, ನನ್ನ ಕಣ್ಣೆದುರಿಗೇ ಆಗಲಿ ಅಂದೆ.

ಸಾಲಿ ರಜೆಯಲ್ಲಿ ಹೋದೆವು. ಘಟಪ್ರಭೆಗೆ ಹೋಗಿ, ಅಲ್ಲಿಂದ ಹುಕ್ಕೇರಿ ಬಸ್ಸು, ಆಮೇಲೆ ಹೈವೇಗೆ ಇನ್ನೊಂದು. ದಾರಿಯುದ್ದಕ್ಕೂ ಬಳೆಗಾರ್ತಿ ಪಾಠ ಹೇಳುತ್ತಿದ್ದಳು. ಎಲ್ಲ ಹುಡುಗರೂ ಒದರುತ್ತಾರೆ, ನೀನು ಒದರಬೇಡ. ಎಲ್ಲರೂ ಕೈ ಬೀಸುತ್ತಾರೆ, ನೀನು ಬೀಸಬೇಡ. ಬಳೆ ಇಡಿಸಿಕೊಳ್ಳಲು ಕೊಟ್ಟ ಕೈಯಂತೆ ಮೆತ್ತಗೆ ಎತ್ತಿ ಹಿಡಿ, ಅವನ ಕಣ್ಣು ನೋಡು. ನೂರು ಕೈ ಅಳ್ಳಾಡುವಾಗ ನಿಂತ ಕೈ ಒಂದೇ ಕಾಣುತ್ತದೆ. ಹಳದಿ ಲಂಗ ಹಾಕಿಸಲು ಹೇಳಿದ್ದೂ ಅವಳೇ. ಆದರೆ ಹುಡುಗಿಯ ಬಳೆಗಳನ್ನೆಲ್ಲ ಆ ದಿನ ಮುಂಜಾನೆ ತಾನೇ ತೆಗೆದಿದ್ದಳು. ಖಾಲಿ ಕೈಯಲ್ಲಿ ಹೆಣ್ಣುಮಗು ಮನೆ ದಾಟಬಾರದು ಎನ್ನುವವಳು ಅವಳು. ಯಾಕೆ ತೆಗೆದಿ ಎಂದು ಕೇಳಿದೆ.

"ಗಾಜಿನ ಬಳಿ ಒಳಗ ಬಿಡಂಗಿಲ್ರಿ. ನೀರಾಗ ಒಡದು ಕಾಲಿಗೆ ಚುಚ್ಚತಾವ."

ಇರಬಹುದು. ಇಲ್ಲದಿರಲೂಬಹುದು.

ಗೇಟಿನ ಕಾವಲುಗಾರ ಅವಳಿಗೆ ಕೈ ಎತ್ತಿ ಸಲಾಮು ಮಾಡಿದ. ಒಳಗೆ ಕಸ ಗುಡಿಸುವ ಹೆಂಗಸು ಮಾತಾಡಿಸಿದಳು. ಶೋ ನಡೆಯುವ ಮಂಟಪದಲ್ಲಿ ಬಳೆಗಾರ್ತಿ ಹುಡುಕಿ ಹುಡುಕಿ ದಾರಿ ಬದಿಯ ಕುರ್ಚಿಯಲ್ಲೇ ಲೀಲಿಯನ್ನು ಕೂಡಿಸಿ, ನೀರು ಕುಡಿದು ಬರುತ್ತೇನೆಂದು ಎದ್ದು ಹೋದಳು. ನೀರಿನ ನಳ ಬಲಕ್ಕಿತ್ತು. ಅವಳು ಹೋದದ್ದು ಎಡಕ್ಕೆ, ಪರದೆಯ ಕಡೆಗೆ. ನಾನು ನೋಡಿದ್ದೇನೆ. ಬಂದು ಕೂತಾಗ ಬಾಯಿ ಒರೆಸಿಕೊಂಡಳು.

ಶೋದವನು ತಲೆಗೆ ಗರಿ ಚುಚ್ಚಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಬಂದ. ಮೈಸೂರು ಕಡೆಯ ಮಾತು. ಗುಡಿಸಲಿನಷ್ಟು ದೊಡ್ಡ ಆನೆ ಹಿಂದೆ ನಿಂತಿತ್ತು, ಬಟ್ಟೆಯದೋ ರಬ್ಬರಿನದೋ. ಒಳಗೆ ಯಾರೋ ಗುಂಡಿ ಒತ್ತುವವನಿದ್ದಾನೆ ಎಂದು ನನಗೆ ಗೊತ್ತಾಯಿತು. "ನಿಮ್ಮಲ್ಲಿ ಯಾರು ಕಾಡಿನ ರಾಣಿ ಆಗ್ತೀರಾ?" ಅಂದ. ಮಂಟಪವೇ ಕಿತ್ತುಹೋಗುವಂತೆ ಹುಡುಗರು ಒದರಿದರು. ಕುರ್ಚಿ ಹತ್ತಿ ನಿಂತರು. ಲೀಲಿಯ ಕೈ ಲಂಗದೊಳಗೇ ಇತ್ತು. ಅವನು ಮುಂದಿನ ಸಾಲು ದಾಟಿದ. ನಮ್ಮ ಸಾಲಿನ ಹತ್ತಿರ ಬಂದ. ಕೈ ಇನ್ನೂ ಲಂಗದೊಳಗೆ. ಎತ್ತದಿದ್ದರೆ ಒಳ್ಳೆಯದೇ ಆಯಿತು ಅಂದುಕೊಂಡೆ. ಹುಡುಗಿಯ ಮುಖ ನೋಡಿದೆ. ತುಟಿ ಬಿಗಿ ಹಿಡಿದಿದ್ದಳು... ಒಳ್ಳೆಯದು ಅಂತ ಮತ್ತೆ ಅನ್ನಿಸಲಿಲ್ಲ.

ಬಳೆಗಾರ್ತಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲೋ ನೋಡುತ್ತ, ತನ್ನಷ್ಟಕ್ಕೇ ಎಂಬಂತೆ, "ಯಾರ ಕೈ ಖಾಲಿ ಐತಿ?" ಅಂದಳು.

ಲೀಲಿಯ ಬಲಗೈ ಮೇಲೆ ಹೋಯಿತು. ಅಂಗಿಯ ತೋಳು ಜಾರಿ, ಬಿಳಿ ಬೆರಳು, ಬಿಳಿ ಮಣಿಕಟ್ಟು, ಎಲ್ಲವೂ ದೀಪದ ಬೆಳಕಿಗೆ ಬಂದವು. ಕೈ ಅಳ್ಳಾಡಲಿಲ್ಲ. ಗರಿಯವನು ನಿಂತ, ಬೆರಳು ಮಾಡಿ ಕರೆದ. ನಾನು ಅವಳ ಲಂಗದ ಚುಂಗು ಹಿಡಿದೆ. ಬಳೆಗಾರ್ತಿ ನನ್ನ ಮುಂಗೈ ಮೇಲೆ ತನ್ನ ಕೈ ಇಟ್ಟು, ಬಳೆ ಇಡುವಾಗ ಒತ್ತುವಂತೆ ಹೆಬ್ಬೆರಳ ಬುಡ ಒತ್ತಿದಳು. ನನ್ನ ಹಿಡಿತ ಸಡಿಲವಾಯಿತು.

ಮೇಲೆ ಹೋದ ಮೇಲೆ ಅವನು ಲೀಲಿಯ ಕೈ ಹಿಡಿದು ನೋಡಿ, ಮೈಕಿನಲ್ಲೇ ಕೇಳಿದ: "ಇದೇನು ಪುಟ್ಟಿ, ಕೈಗೆ ಬಣ್ಣ ಹಚ್ಕೊಂಡಿದ್ದೀಯಾ?"

ಎದ್ದು ಹೋಗಿ ಹುಡುಗಿಯನ್ನು ಎಳೆದುಕೊಂಡು ಬರಬೇಕೆಂದು ನಾನು ಅರ್ಧ ಎದ್ದಿದ್ದೆ. ಲೀಲಿ ಮೈಕಿಗೆ ಬಾಯಿ ತಂದು, "ಬಣ್ಣ ಅಲ್ರಿ. ನನ್ನ ಕೈ ಹಂಗ ಅದಾವ" ಅಂದಳು.

ಅವನು ರಾಣಿಗೆ ಹಾಕುವ ಮಿಣಮಿಣ ಬೆಳಕಿನ ಪಟ್ಟಿಯೊಂದನ್ನು ತೆಗೆದು ಅವಳ ಮಣಿಕಟ್ಟಿಗೆ ಏರಿಸಿದ. ಏರಿಸಿದ್ದೇ ತಡ, ಲೀಲಿ ಬಗ್ಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿಬಿಟ್ಟಳು.

ನಮ್ಮ ಕಡೆ ಬಳೆ ಇಟ್ಟವರು ಯಾರೇ ಇರಲಿ, ಯಾವ ಜಾತಿಯವರೇ ಇರಲಿ, ಇಟ್ಟು ಮುಗಿಸಿದ ಕೂಡಲೇ ಅವರಿಗೆ ನಮಸ್ಕಾರ ಮಾಡಬೇಕು. ಮಾಡದೆ ಏಳುವುದಿಲ್ಲ. ಕೈಗೆ ಏನೋ ಏರಿತು, ಹುಡುಗಿ ರೂಢಿಯಂತೆ ಬಗ್ಗಿದಳು. ಅವನು ಮೈಸೂರಿನವನು, ಅವನಿಗೇನು ಗೊತ್ತು? ಹಾವು ಕಂಡವನಂತೆ ಹಿಂದೆ ಸರಿದು ಆನೆಗೆ ಬಡಿದುಕೊಂಡ. ನಮ್ಮ ಹಿಂದಿನ ಸಾಲಿನ ಹೆಂಗಸೊಬ್ಬಳು, "ಅಯ್ಯ ನೋಡ್ರೆವ್ವಾ, ಬಳಿಗಾರಗ ಬಿದ್ದಂಗ ಕಾಲಿಗೆ ಬಿದ್ದಳು" ಅಂದಳು. ಮಂಟಪವೆಲ್ಲ ನಗತೊಡಗಿತು. ಆ ನಗುವಿನಲ್ಲಿ ಕೈಯ ಮಾತು ಎಲ್ಲಾದರೂ ಇದೆಯೇ ಎಂದು ನಾನು ಕಿವಿಗೊಟ್ಟು ಹುಡುಕಿದೆ. ಸಿಗಲಿಲ್ಲ. ಅವರೂ ಬಳೆ ಇಡಿಸಿಕೊಂಡು ಬೆಳೆದವರೇ. ಲೀಲಿಯೂ ನಕ್ಕಳು. ಆಮೇಲೆ ಎರಡೂ ಕೈ ಒಮ್ಮೆಲೇ ಎತ್ತಿದಳು. ಆನೆ ಸೊಂಡಿಲಿನಿಂದ ನಮ್ಮೆಲ್ಲರ ಮೇಲೆ ನೀರು ಕಾರಿತು, ಮಂಗಗಳು ಕುಣಿದವು. ನನ್ನ ಸೀರೆ ತೊಯ್ದು ಹೋಯಿತು.

ತಿರುಗಿ ಬರುವಾಗ ಲೀಲಿ ಬಸ್ಸಿನಲ್ಲಿ ನಿದ್ದೆ ಹೋಗಿದ್ದಳು, ಕೈ ಎರಡೂ ನನ್ನ ಮಡಿಲಿನ ಮೇಲೆ ಬಿದ್ದಿದ್ದವು. ನಾನು ಬಳೆಗಾರ್ತಿಯನ್ನು ನೇರವಾಗಿ ಕೇಳಿದೆ, "ಅವಂಗ ಮೊದಲ ಹೇಳಿಟ್ಟಿದ್ದೇನು? ಖರೆ ಹೇಳು."

"ಹೇಳೇನಿ ಅಂದ್ರ ನಂಬತೀರೇನ್ರಿ ಅಕ್ಕಾರ?"

"ಇಲ್ಲ."

"ಹೇಳಿಲ್ಲ ಅಂದ್ರ?"

"ಅದನ್ನೂ ನಂಬಂಗಿಲ್ಲ."

"ಮತ್ಯಾಕ ಕೇಳತೀರಿ?" ಎಂದು ಸೆರಗು ಮುಖದ ಮೇಲೆ ಎಳೆದುಕೊಂಡು ಅವಳೂ ಮಲಗಿದಳು.

ಮೊದಲೇ ಹೇಳಿದ್ದರೆ ಅವನು ಕೈಯ ಬಣ್ಣದ ಮಾತು ಕೇಳುತ್ತಿರಲಿಲ್ಲ ಎಂದು ಮನೆಗೆ ಬಂದ ಮೇಲೆ ಮಗ ಅಂದ. ಹಾಗೆ ಕೇಳು ಎಂದೇ ಹೇಳಿಕೊಟ್ಟಿರಬಹುದು ಎಂದು ನಾನು ಅಂದೆ. ಅವಳ ತಲೆ ಅಷ್ಟು ದೂರ ಓಡುವಂಥದ್ದು.

ಇನ್ನು ಪತ್ರಾಸಿನ ಮಾತು ತೆಗೆಯುತ್ತಾಳೆ ಎಂದು ಕಾದೆ. ದಸರೆ ಹೋಯಿತು, ದೀಪಾವಳಿ ಹೋಯಿತು. ತೆಗೆಯಲಿಲ್ಲ. ಕಾಯ್ದು ಕಾಯ್ದು ಬೇಸರವಾಗಿ ನಾನೇ ಒಂದು ದಿನ, "ನಿನ್ನ ಪತ್ರಾಸು ನಮ್ಮ ಗ್ವಾಡಿ ಮ್ಯಾಲ ಇಟ್ಕೋ ಹೋಗು" ಅಂದೆ. "ಬ್ಯಾಡ್ರಿ, ಕಂಬ ನೆಡಿಸಾಕ ಹೇಳೇನಿ. ಇವತ್ತ ಕೊಟ್ಟ ಗ್ವಾಡಿ ನಾಳೆ ಅನುಮಾನ ಬಂದ್ರ ಇಳಸ ಅಂತೀರಿ ನೀವು" ಅಂದಳು. ನನ್ನನ್ನು ಅಷ್ಟು ಸರಿಯಾಗಿ ಬಲ್ಲವರು ನನ್ನ ಮನೆಯಲ್ಲೂ ಇರಲಿಲ್ಲ.

ಸಕ್ಕರೆ ಕಾಯಿಲೆ ಅವಳ ಕಾಲಿಗೆ ಇಳಿಯಿತು. ಬುಟ್ಟಿ ನಿಂತಿತು, ಆಮೇಲೆ ನಡಿಗೆಯೂ ನಿಂತಿತು. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಕೊನೆಗೆ ನೋಡಲು ಹೋದಾಗಲೂ ಪಾರ್ಕಿನ ಆ ಮಾತು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು... ಅವಳು ಕಣ್ಣು ಮುಚ್ಚಿದ್ದಳು.

ಲೀಲಿಯ ತೊನ್ನು ಹೋಗಲಿಲ್ಲ. ಮದ್ದು ಫಲಿಸಲಿಲ್ಲ, ಈಗ ಮೊಣಕೈವರೆಗೆ ಏರಿದೆ. ಗೋಕಾಕಿನ ಕಾಲೇಜಿಗೆ ಹೋಗುತ್ತಾಳೆ. ಮುಂಜಾನೆ ರಸ್ತೆಯಲ್ಲಿ ನಿಂತು ಬಸ್ಸಿಗೆ ಕೈ ಮಾಡುತ್ತಾಳೆ. ಡ್ರೈವರ್ ನಿಲ್ಲಿಸುವ ತನಕ ಇಳಿಸುವುದಿಲ್ಲ. ನಾನು ಕಟ್ಟೆಯ ಮೇಲಿಂದ ನೋಡುತ್ತೇನೆ.

ಬಾಜೂಮನೆಗೆ ಈಗ ಬಾಡಿಗೆಯವರು ಬಂದಿದ್ದಾರೆ. ಒಳ್ಳೆಯ ಮಂದಿ. ಕಂಡಾಗ ನಮಸ್ಕಾರ ಅನ್ನುತ್ತಾರೆ, ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ. ಯಾಕೆ ಕಳಿಸಿದರು ಎಂದು ನಾನು ಯೋಚಿಸುವುದೇ ಇಲ್ಲ. ತಿಂದು ಡಬ್ಬಿ ತೊಳೆದು ಕೊಡುತ್ತೇನೆ. ನಾನು ಕೂತು ಅನುಮಾನ ಪಡುವಂಥವಳು ಈ ಓಣಿಯಲ್ಲಿ ಆ ಬಳೆಗಾರ್ತಿಯೊಬ್ಬಳೇ ಇದ್ದಳು.