ಪಾಳಿಯಲ್ಲಿ ನಿಂತ ಬೀಗರು

ಹೆಣ್ಣಿನ ಕಡೆಯ ಹಿರಿಯನಾಗಿ ನಾನು ನೋಡದ ಮನೆಯಿಲ್ಲ. ಹಲಬರ್ಗಾದಲ್ಲಿ ಯಾರ ಮಗಳಿಗೆ ವರ ಗೊತ್ತಾದರೂ ಮನೆ ನೋಡಲು ಮೊದಲು ನನ್ನನ್ನೇ ಕರೆಯುತ್ತಿದ್ದರು. ಜೋಳದ ಚೀಲ ತೋರಿಸಿದರೆ ಮೊಣಕೈತನಕ ಕೈ ಇಳಿಸಿ ತಳದಲ್ಲಿ ಹೊಟ್ಟು ಇದೆಯೇ ನೋಡುತ್ತಿದ್ದೆ. ಎಮ್ಮೆ ನಮ್ಮದೇ ಎಂದರೆ, ಕಣ್ಣಿ ಬಿಚ್ಚಿ ಒಮ್ಮೆ ಹತ್ತಿರ ಕರೆಯಿರಿ ಎನ್ನುತ್ತಿದ್ದೆ. ಭಾಲ್ಕಿ ಹತ್ತಿರದ ಒಂದು ಊರಿನಲ್ಲಿ ಹಾಗೆ ಬಿಚ್ಚಿಸಿದ ಎಮ್ಮೆ, ಕರೆದವನನ್ನು ಬಿಟ್ಟು ನೇರ ಪಕ್ಕದ ಮನೆಯ ಮುದುಕಿಯ ಬಳಿ ಹೋಗಿ ನಿಂತಿತು. ಆ ಸಂಬಂಧ ಅಲ್ಲೇ ಮುಗಿಯಿತು. ಎಮ್ಮೆಗೆ ನಾನು ಹಿಂಡಿ ತಿನ್ನಿಸಿ ಬಂದೆ.

ಇಷ್ಟು ಬೆರಕಿಯಾದ ನನಗೆ, ಸ್ವಂತ ಮೊಮ್ಮಗಳ ವರನ ಮನೆ ನೋಡುವ ಕಾಲ ಬಂದಾಗ ನೋಡಲು ಮನೆಯೇ ಇರಲಿಲ್ಲ.

ಎರಡನೆಯ ವರ್ಷವೂ ಮಳೆ ಕೈಕೊಟ್ಟಿತ್ತು. ಔರಾದದ ಕಡೆ ಓಣಿಗೆ ಓಣಿಯೇ ಕೀಲಿ ಹಾಕಿಕೊಂಡು ಹೈದರಾಬಾದಿಗೋ ಪುಣೆಗೋ ಹೊರಟುಹೋಗಿತ್ತು. ಹುಡುಗ ಮೊದಲೇ ಹೋಗಿ, ಹೈದರಾಬಾದಿನ ಒಂದು ಜಪಾನಿ ಶಾವಿಗೆ ಹೋಟೆಲಿನಲ್ಲಿ ಪಾತ್ರೆ ತಿಕ್ಕಿ, ಈಗ ಅಲ್ಲೇ ಅಡುಗೆ ಮಾಡುವವನಾಗಿದ್ದ. ಅವನ ತಂದೆತಾಯಿ ಆ ವರ್ಷ ಹೋಗಿದ್ದರು. ಅದಕ್ಕೂ ಮೊದಲು ತಂದೆಯ ಕಾಲು ಮುರಿದಾಗ ಬೀದರದ ದವಾಖಾನೆಗೆ ಕರೆತಂದಿದ್ದ ಹುಡುಗನನ್ನು, ಅಲ್ಲಿ ನರ್ಸ್ ಆಗಿದ್ದ ನನ್ನ ಮೊಮ್ಮಗಳು ನೋಡಿದ್ದಳು. ನೋಡಿ, ಒಪ್ಪಿಯೂ ಬಿಟ್ಟಿದ್ದಳು. ಒಪ್ಪದವನು ಅವಳ ಅಪ್ಪ, ಅಂದರೆ ನನ್ನ ಮಗ. ಬೀದರದಲ್ಲಿ ಅವನಿಗೆ ಸರಕಾರಿ ನೌಕರಿ, ಮೈಲೂರಿನಲ್ಲಿ ಸ್ವಂತ ಮನೆ.

"ಶಾವಿಗಿ ಕುದಿಸೋನಿಗಿ ಮಗಳ್ನ ಕೊಡ್ಲೇನು ನಾ?" ಎಂದ.

"ಮುತ್ಯಾನ್ನ ಕರ್ಕೊಂಡ್ ಹೋಗಿ ನೋಡ್ರಿ ಅಪ್ಪಾ. ನೋಡಿ ಬ್ಯಾಡಂದ್ರ ಬ್ಯಾಡ," ಎಂದಳು ಅವಳು. ಆಮೇಲೆ ನನ್ನ ಕಿವಿಯಲ್ಲಿ, "ಮುತ್ಯಾ, ಬ್ಯಾಡಂದಿ ಅಂದ್ರ ನಿನ್ನ ತಂಬಾಕದ ಡಬ್ಬಿ ಬಾವ್ಯಾಗ," ಎಂದಳು. ನನ್ನ ಮೊಮ್ಮಗಳೇ ಹೌದು.

ಹುಡುಗ ಫೋನಿನಲ್ಲಿ ಮುಚ್ಚುಮರೆ ಮಾಡಲಿಲ್ಲ. "ಔರಾದದಾಗ ಮನಿಗಿ ಕೀಲಿ ಅದರಿ. ಅವ್ವ ಅಪ್ಪ ಇಲ್ಲಿ ಬಿಲ್ಡಿಂಗ್ ಕಟ್ಟೋ ಜಾಗಾದಾಗ ತಗಡಿನ ಶೆಡ್ಡಿನಾಗ ಇದ್ದಾರ್ರಿ. ಅದು ನಿಮಗ ತೋರಸೋ ಜಾಗಾ ಅಲ್ರಿ. ನೀವು ಹೋಟೆಲಿಗೇ ಬರ್ರಿ," ಎಂದ.

ನಾನು ಭಾಲ್ಕಿಯಲ್ಲಿ ರೈಲು ಹತ್ತಿದೆ, ಮಗ ಬೀದರದಲ್ಲಿ ಹತ್ತಿದ. ರೈಲಿನ ಡಬ್ಬಿಯ ತುಂಬ ಗುಳೆ ಹೊರಟವರ ಹಾಸಿಗೆ ಸುರುಳಿ, ಸ್ಟೋವು, ಬೀಸುವ ಕಲ್ಲು ಕೂಡ. ಅವುಗಳ ನಡುವೆ ಇಸ್ತ್ರಿ ಅಂಗಿ ಮುದುಡದಂತೆ ಕುಳಿತ ಮಗ ಹೇಳಿದ: "ಅಪ್ಪಾ, ಮೊದಲೇ ಹೇಳ್ತೇನಿ. ಅಲ್ಲಿ ನಾ ಒಂದು ತುತ್ತೂ ತಿನ್ನಂಗಿಲ್ಲ."

ಅದರ ಅರ್ಥ ನನಗೆ ಗೊತ್ತಿತ್ತು. ನಮ್ಮ ಕಡೆ ಮನೆ ನೋಡಲು ಹೋದ ಹೆಣ್ಣಿನ ತಂದೆ ಉಣ್ಣದೆ ಎದ್ದನೆಂದರೆ ಸಂಬಂಧ ಬೇಡವೆಂದು ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ.

ಹೋಟೆಲಿನ ಮುಂದೆ ಬೀದಿಯ ತಿರುವಿನತನಕ ಜನ ಒಬ್ಬರ ಹಿಂದೊಬ್ಬರು ಪಾಳಿ ಹಚ್ಚಿದ್ದರು. ನಮ್ಮನ್ನು ಕಂಡು ಹುಡುಗ ಏಪ್ರನ್ನಿನಲ್ಲೇ ಹೊರಗೆ ಬಂದು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ.

"ಮುತ್ಯಾ, ಕಾಕಾ, ಪಾಳಿ ಅದರಿ. ತುಸು ನಿಂದ್ರಬೇಕಾಗ್ತದ."

"ನಿಂದ್ರಬೇಕಾ? ನಾವಾ?" ಎಂದ ಮಗ.

"ಹೌದ್ರಿ. ಹಿಂದ ನಿಂತೋರೂ ಯಾರದರೆ ಬೀಗರೇ ಇರ್ತಾರಲ್ರಿ," ಎಂದು ಹುಡುಗ ಒಳಗೆ ಹೋಗಿಬಿಟ್ಟ.

ನನ್ನ ಮಗನ ಕಿವಿ ಕೆಂಪಾಯಿತು. ಬೀದರದಲ್ಲಿ ಅವನ ಟೇಬಲ್ಲಿನ ಮುಂದೆ ಜನ ಪಾಳಿ ಹಚ್ಚುತ್ತಾರೆ. ಅವನು ಹಚ್ಚಿದ್ದನ್ನು ನಾನು ಕಂಡಿಲ್ಲ. "ನಡೀರಿ ಅಪ್ಪಾ. ಬೀಗರಿಗಿ ಬೀದ್ಯಾಗ ನಿಂದ್ರಸೋ ಮಂದಿ ಇವ್ರು," ಎಂದು ತಿರುಗಿದ.

ಅವನು ಹೊರಟರೆ ಎಲ್ಲ ಮುಗಿಯಿತು. ನಾನು ನನ್ನ ವಿದ್ಯೆ ಹೊರತೆಗೆದೆ. ತಲೆ ತಿರುಗಿ ಬೀಳುವುದರಲ್ಲಿ ನನ್ನನ್ನು ಮೀರಿಸಿದವರು ಮೂರು ತಾಲೂಕಿನಲ್ಲಿಲ್ಲ. ಮುನಿಸಿಕೊಂಡ ಬೀಗರನ್ನು ಹೀಗೇ ಬಿದ್ದು ಪಂಕ್ತಿಗೆ ಕೂಡ್ರಿಸಿದ್ದೇನೆ. "ಅಯ್ಯಯ್ಯೋ," ಎಂದು ಗೋಡೆಗೆ ಒರಗಿ ಜಾರಿದೆ. ಇನ್ನೇನು, ಒಳಗೆ ಎತ್ತಿಕೊಂಡು ಹೋಗಿ ಕೂಡ್ರಿಸುತ್ತಾರೆ ಎಂದು ಕಣ್ಣು ಮುಚ್ಚಿ ಕಾದೆ.

ಹುಡುಗ ಓಡಿ ಬಂದ. ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಸ್ಟೂಲು. ನಾನು ನಿಂತಿದ್ದ ಜಾಗದಲ್ಲೇ ಸ್ಟೂಲಿಟ್ಟು ನನ್ನನ್ನು ಎತ್ತಿ ಕೂಡ್ರಿಸಿ ನೀರು ಕುಡಿಸಿದ.

"ಪಾಳಿ ಮುಂದ ಸರಿದಂಗ ಸ್ಟೂಲ್ ಸರಸ್ಕೋರಿ ಮುತ್ಯಾ." ಆಮೇಲೆ ಬಗ್ಗಿ ಮೆಲ್ಲಗೆ, "ಖರೇ ಬೀಳೋರು ಮೊದಲ ಚಶ್ಮಾ ತಗದು ಕಿಸೆದಾಗ ಇಟ್ಕೊಳ್ಳಂಗಿಲ್ರಿ," ಎಂದ.

ಇಷ್ಟು ವರ್ಷಗಳಲ್ಲಿ ನನ್ನನ್ನು ಹಿಡಿದವನು ಇವನೊಬ್ಬನೇ. ನಾಚಿಕೆಗಿಂತ ಹೆಚ್ಚಾಗಿ ಖುಷಿಯಾಯಿತು. ನನ್ನ ಮಟ್ಟಿಗೆ ಮನೆ ನೋಡಿದ್ದು ಮುಗಿದಿತ್ತು. ಆದರೆ ಉಣ್ಣಬೇಕಾದವನು ನಾನಲ್ಲವಲ್ಲ. ಮಗ ನನ್ನ ತಲೆಸುತ್ತು ಇಳಿಯಲೆಂದು ಕಾಯುತ್ತ ಮುಖ ಆ ಕಡೆ ಮಾಡಿ ನಿಂತಿದ್ದ.

ನಾವು ಬಾಗಿಲ ಹತ್ತಿರ ಬರುವಷ್ಟರಲ್ಲಿ ದೊಡ್ಡ ಕಾರೊಂದು ಬಂತು. ಇಳಿದ ಮನುಷ್ಯ ಫೋನಿನಲ್ಲಿ ಮಾಲೀಕನ ಹೆಸರು ಹಿಡಿದು ಮಾತಾಡುತ್ತ ನಮ್ಮನ್ನು ದಾಟಿ ನೇರ ಒಳಗೆ ಕಾಲಿಟ್ಟ. ಹುಡುಗ ಅಡುಗೆಮನೆಯಿಂದ ಬಂದು ಅಡ್ಡ ನಿಂತ.

"ಸಾಬ್, ಲೈನ್ ಉಧರ್ ಹೈ. ಪೈಲೆ ಯೇ ಲೋಗಾಂ," ಎಂದು ತಿರುವಿನ ಕಡೆ ಬೆರಳು ತೋರಿ, ಮೊದಲು ಇವರು ಎನ್ನುವಂತೆ ನಮ್ಮ ಕಡೆ ಕೈಮಾಡಿದ. ಆ ಮನುಷ್ಯ ಕೂಗಾಡಿದ, ನೌಕರಿ ತೆಗೆಸುತ್ತೇನೆಂದ. ಹುಡುಗ ಇನ್ನೊಮ್ಮೆ ಅಷ್ಟೇ ಮೆತ್ತಗೆ ಅದನ್ನೇ ಹೇಳಿದ. ನಾವು ಯಾರೆಂದು ಹೇಳಲಿಲ್ಲ. ಕಾರಿನವನು ಬೈಯುತ್ತ ತಿರುವಿನ ಕಡೆ ನಡೆದ. ನನ್ನ ಮಗ ಅವನು ಹೋಗುವುದನ್ನು ನೋಡಿದ, ಹುಡುಗನನ್ನು ನೋಡಿದ, ಅಂಗಿಯ ಕಾಲರು ಸರಿಮಾಡಿಕೊಂಡ. ಹೊರಡುವ ಮಾತು ಮತ್ತೆ ಎತ್ತಲಿಲ್ಲ.

ಒಳಗೆ ಕೂತಾಗ ನಮ್ಮ ಮುಂದೆ ಬಂದದ್ದು ಎರಡೆರಡು ಬಟ್ಟಲು. ಒಂದರಲ್ಲಿ ಸುತಳಿಯಷ್ಟು ದಪ್ಪನೆಯ ಗೋಧಿ ಶಾವಿಗೆ, ಬಸಿದು ತಣ್ಣೀರಿನಲ್ಲಿ ತೊಳೆದದ್ದು. ಚಿಕ್ಕದರಲ್ಲಿ ಕೋಳಿಯ ಎಲುಬು ಕುದಿಸಿ ಕುದಿಸಿ ಗಟ್ಟಿಯಾದ ಬಿಸಿ ಖಾರದ ರಸ. ಎರಡನ್ನೂ ಕೂಡಿಸಿ ಕೊಡದೆ ಬೇರೆ ಬೇರೆ ಯಾಕಿಟ್ಟರೆಂದು ಮಗ ದಿಟ್ಟಿಸುತ್ತಿದ್ದ. ನಾನು ತಿನ್ನಲು ಕೊಟ್ಟ ಕಡ್ಡಿಗಳನ್ನು ಬದಿಗಿಟ್ಟು, ಮುಳ್ಳು ಚಮಚದಿಂದ ನಾಲ್ಕೆಳೆ ಎತ್ತಿ, ತುದಿಯಷ್ಟೇ ರಸಕ್ಕೆ ಮುಟ್ಟಿಸಿ ಬಾಯಿಗಿಟ್ಟೆ. ಒಲೆಯ ಹತ್ತಿರದಿಂದ ಹುಡುಗ ಕೂಗಿದ: "ಮುತ್ಯಾ, ಹ್ಯಾಂಗ ತಿನ್ಬೇಕಂತ ಯಾರ್ ಹೇಳ್ಯಾರ್ರಿ ನಿಮಗ?"

"ನಾ ಜಪಾನಿನಾಗೇ ಹುಟ್ಟಿನೋ!" ಎಂದೆ.

ಹೇಳಿಕೊಟ್ಟವಳು ನನ್ನವ್ವ. ನಾನು ಸಣ್ಣವನಿದ್ದಾಗಲೂ ಒಂದು ಬರ ಬಂದಿತ್ತು. ರೇಶನ್ನಿನ ಕೆಂಪು ಜೋಳದ ರೊಟ್ಟಿ ಮುರಿದರೆ ಸದ್ದು ಬರುತ್ತಿತ್ತು. ಅಣ್ಣತಮ್ಮ ಅಕ್ಕತಂಗಿ ಎಲ್ಲರ ನಡುವೆ ಒಂದೇ ತಟ್ಟೆ ಖಾರದ ನೀರು. "ಅದ್ದ್ರಿ, ಮುಳುಗಿಸಬ್ಯಾಡ್ರಿ," ಎನ್ನುತ್ತಿದ್ದಳು ಅವ್ವ. ಆ ರಸ ಕೊನೆಯ ರೊಟ್ಟಿಗೆ, ಅಂದರೆ ಅವಳ ರೊಟ್ಟಿಗೆ, ಮುಟ್ಟಬೇಕಿತ್ತು. ನಾವು ನಮ್ಮ ಕೈಗಿಂತ ಒಬ್ಬರಿನ್ನೊಬ್ಬರ ಕೈಯನ್ನೇ ಹೆಚ್ಚು ನೋಡುತ್ತಿದ್ದೆವು. ಅದನ್ನೇ ಇಲ್ಲಿ ಜನ ಬಿಸಿಲಲ್ಲಿ ಪಾಳಿ ಹಚ್ಚಿ, ನಗುನಗುತ್ತ ತಿನ್ನುತ್ತಿದ್ದರು. ನನಗೆ ಕೋಪ ಬರಲಿಲ್ಲ. ಅವ್ವನಿಗೆ ಇದನ್ನು ಹೇಳಿದ್ದರೆ ನನ್ನ ಎಷ್ಟೋ ಸುಳ್ಳುಗಳಲ್ಲಿ ಇದೂ ಒಂದೆಂದು ಬೆನ್ನಿಗೆ ಗುದ್ದುತ್ತಿದ್ದಳು ಅನ್ನಿಸಿತು.

ಪಕ್ಕದಲ್ಲಿ ಸದ್ದಾಯಿತು. ನನ್ನ ಮಗ ಒಂದು ಹಿಡಿ ಶಾವಿಗೆಯನ್ನು ರಸದಲ್ಲಿ ಪೂರ್ತಿ ಮುಳುಗಿಸಿ ಎತ್ತಿದ್ದ. ಅವನಿಗೆ ಅದ್ದುವುದು ಬಾರದು. ಬಾರದಂತೆ ಬೆಳೆಸಿದವನು ನಾನೇ, ಸೌಟಿನಿಂದ ಸುರಿದು. ಖಾರ ನೆತ್ತಿಗೇರಿ ಕೆಮ್ಮಿದ. ಮತ್ತೊಂದು ಹಿಡಿ ಎತ್ತಿದ. ನಾನು ಅವನ ಕಡೆ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತಾನೆ, ಅವನ ಗುಣ ನನಗೆ ಗೊತ್ತು.

ಶಾವಿಗೆ ಮುಗಿದಾಗ ಹುಡುಗ ಕೆಟಲಿ ಹಿಡಿದು ಬಂದ. "ಉಳಿದ ರಸ ಭಾಳ ಗಟ್ಟಿ ಇರ್ತದರಿ. ಶಾವಿಗಿ ಕುದ್ದ ನೀರು ಹಾಕಿ ಕುಡೀತಾರ. ಚೆಲ್ಲಂಗಿಲ್ರಿ."

ಮಗ ಬಟ್ಟಲು ಮುಂದೆ ಹಿಡಿದ. ಹುಡುಗ ಹಾಕಿದ. ಮಗ ನಿಧಾನವಾಗಿ ಅಷ್ಟೂ ಕುಡಿದು ಬಟ್ಟಲು ಕೆಳಗಿಟ್ಟ.

"ನಿಮ್ಮವ್ವ ಅಪ್ಪ ಎಲ್ಲಿ ಇದ್ದಾರಂದಿ?"

ಅಷ್ಟು ಹೊತ್ತು ಯಾರಿಗೂ ಜಗ್ಗದ ಹುಡುಗ ಮೊದಲ ಸಲ ನೆಲ ನೋಡಿದ. "ಶೆಡ್ಡಿನಾಗರಿ. ಅಲ್ಲಿ ಕುಂಡ್ರಲಾಕ ಜಾಗಾ ಇಲ್ರಿ ಕಾಕಾ. ತಗಡು ಕಾದಿರ್ತದ."

"ಮನಿ ನೋಡ್ಲಾಕ ಬಂದೀವಿ. ಮನಿ ನೋಡೇ ಹೋಗ್ತೇವಿ."

"ಅದು ಮನಿ ಅಲ್ರಿ..."

"ನಿಮ್ಮವ್ವ ಒಲಿ ಹಚ್ಚತಾಳಿಲ್ಲ ಅಲ್ಲಿ? ಮತ್ತ? ನಿನ್ನ ಡ್ಯೂಟಿ ಮುಗೀಲಿ, ಹೊರಗ ಇರ್ತೇವಿ."

ಬೀದಿಯಲ್ಲಿ ಗೋಡೆಯ ನೆರಳಿಗೆ ನಿಂತೆವು. ಚೇಷ್ಟೆಯ ಮಾತೊಂದು ನನ್ನ ನಾಲಿಗೆಯ ತುದಿಯಲ್ಲಿತ್ತು, ನುಂಗಿದೆ. ಮಗನ ಫೋನು ರಿಂಗಾಯಿತು. ಆ ತುದಿಯಲ್ಲಿ ಮೊಮ್ಮಗಳು. ದವಾಖಾನೆಯ ಗದ್ದಲದ ನಡುವೆಯೂ ಅವಳ ಆತುರದ ದನಿ ನನಗೆ ಕೇಳುತ್ತಿತ್ತು.

"ಅಪ್ಪಾ, ಏನಾತ್ರಿ? ಮನಿ ನೋಡಿದ್ರಿ?"

"ಇನ್ನಾ ಇಲ್ಲವ್ವಾ," ಎಂದ ನನ್ನ ಮಗ. "ಬೀಗತಿಗಿ ಖಾಲಿ ಕೈಲೆ ಹ್ಯಾಂಗ ಹೋಗೋದು ಅಂತ ನೋಡ್ಲತ್ತೀನಿ. ಇಲ್ಲಿ ಛಲೋ ಸೀರಿ ಎಲ್ಲಿ ಸಿಗ್ತಾವ, ಆ ಹುಡುಗನಿಗಿ ಕೇಳಿ ಹೇಳು."