ಹದಿನಾಲ್ಕು ದಿನದ ವರ್ಷ

ಎಲ್ಸಿರಾ ಬರ್ರಾಸಾಳದು ಇಪ್ಪತ್ತೆರಡು ವರ್ಷದ ನೌಕರಿ ಎಂದು ಕಾಗದ ಹೇಳುತ್ತದೆ. ಅವಳ ಮೊಣಕಾಲನ್ನು ಕೇಳಿದರೆ ನಲವತ್ತು ಎಂದೀತು. ಏಳು ದಿನ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ, ಏಳು ದಿನ ಕೆಳಗೆ ವಿಕುನ್ಯಾ ಊರಿನ ಮನೆಯಲ್ಲಿ. ಮಂಗಳವಾರ ಬೆಳಗ್ಗೆ ವ್ಯಾನು ಹತ್ತುವಾಗ, ಇಳಿದು ಬರುವ ಜೊತೆಗಾರ ಹೆರಿಬೆರ್ತೊಗೆ ಗೇಟಿನಲ್ಲಿ ಕೈಯೆತ್ತುತ್ತಾಳೆ. ಒಂದೇ ಕೆಲಸ ಮಾಡುವ ಇಬ್ಬರ ಒಡನಾಟ ಅಷ್ಟೇ, ಒಂದು ಕೈ ಎತ್ತುವಷ್ಟು.

ಕೆಲಸ ಹೊರನೋಟಕ್ಕೆ ಏನೂ ಅಲ್ಲ. ದೂರದರ್ಶಕದ ಕೆಳಗೆ, ನೆಲಮಾಳಿಗೆಯಲ್ಲಿ, ನಕ್ಷತ್ರಗಳ ಬೆಳಕನ್ನು ಸೀಳಿ ಅಳೆಯುವ ಯಂತ್ರವಿದೆ. ನಕ್ಷತ್ರವೊಂದರ ಸುತ್ತ ಗ್ರಹ ಸುತ್ತುತ್ತಿದ್ದರೆ ಆ ನಕ್ಷತ್ರ ಕೊಂಚ ಅತ್ತಿತ್ತ ಓಲಾಡುತ್ತದಂತೆ, ನಾವು ನಿಧಾನ ನಡೆಯುವಷ್ಟು ವೇಗದಲ್ಲಿ. ಅದನ್ನು ಹಿಡಿಯಬೇಕಾದರೆ ಯಂತ್ರ ತಣ್ಣಗೆ, ಅಲ್ಲಾಡದೆ ಇರಬೇಕು. ಅದಕ್ಕೆ ದಿನವೂ ಸಂಜೆ ನಾಲ್ಕಕ್ಕೆ, ವಿಜ್ಞಾನಿಗಳು ಏಳುವ ಹೊತ್ತಿಗೆ, ಎಲ್ಸಿರಾ ದ್ರವ ಸಾರಜನಕ ತುಂಬುತ್ತಾಳೆ. ಮಾಪಕದ ಮುಳ್ಳು ಕೆಂಪು ಗುರುತಿಗೆ ಬಂದ ಮೇಲೆ ಪುಸ್ತಕದಲ್ಲಿ ‘ತುಂಬಿತು’ ಎಂದು ಬರೆಯುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಬರೆದ ಸಾಹಿತ್ಯವೆಲ್ಲ ಇದೊಂದೇ ಪದ.

ಗುರುವಾರ ಚಹಾದ ಹೊತ್ತಿಗೆ ಖಗೋಳಜ್ಞೆ ರೆನಾಟಾ ಓಯಾರ್ಸೂನ್ ಊಟದ ಮನೆಗೆ ಬಂದಳು. ಕಣ್ಣ ಸುತ್ತ ಕಪ್ಪು, ಕೈಯಲ್ಲೊಂದು ಹಾಳೆ. ಏಳು ವರ್ಷದಿಂದ ಒಂದೇ ಒಂದು ಮಂಕು ಕೆಂಪು ನಕ್ಷತ್ರದ ಬೆನ್ನು ಹತ್ತಿದವಳು. ಈ ಹುಚ್ಚಿನಲ್ಲಿ ಮದುವೆ ಮುರಿದಿತ್ತು, ಎರಡು ಸಲ ಅನುದಾನವೂ ನಿಂತಿತ್ತು. ಎಲ್ಸಿರಾ ರೊಟ್ಟಿಗೆ ಬೆಣ್ಣೆಹಣ್ಣು ಸವರಿ ಅವಳ ಮುಂದಿಟ್ಟಳು.

“ದೋನ್ಯಾ ಎಲ್ಸಿರಾ,” ಎಂದಳು, ಹಿರಿಯಳನ್ನು ಕರೆಯುವ ಗೌರವದಲ್ಲಿ. “ಸೋಮವಾರ ಪ್ರಬಂಧ ಕಳಿಸ್ತೀನಿ. ನೋಡಿ ನಮ್ಮ ಗ್ರಹಾನ, ನಮ್ಮ ಮಗೂನ! ನೀರು ಕುದಿಯೋದೂ ಇಲ್ಲ, ಹೆಪ್ಪುಗಟ್ಟೋದೂ ಇಲ್ಲ, ಅಷ್ಟು ದೂರದಲ್ಲಿ ಸುತ್ತುತ್ತೆ. ಅಲ್ಲಿ ಒಂದು ವರ್ಷ ಅಂದ್ರೆ ನಮ್ಮ ಹದಿನಾಲ್ಕು ದಿನ.”

“ಹಾಗಾದ್ರೆ ಅಲ್ಲಿಯವರು ಹುಟ್ಟುಹಬ್ಬದ ಕೇಕ್ ಮಾಡಿ ಮಾಡೀನೇ ಸಾಯ್ಬೇಕು,” ಎಂದಳು ಎಲ್ಸಿರಾ. “ನನ್ನ ವರ್ಷಾನೂ ಅಷ್ಟೇ ಕಣಮ್ಮ. ಏಳು ಇಲ್ಲಿ, ಏಳು ಅಲ್ಲಿ.”

ಇಬ್ಬರೂ ನಕ್ಕರು. ಹಾಳೆಯ ಮೇಲೆ ನಕ್ಷತ್ರದ ಓಲಾಟದ ಗೆರೆ ಏರಿಳಿಯುತ್ತಾ ಸಾಗಿತ್ತು. ಒಂದು ಕಡೆ ಮಾತ್ರ ಸಪಾಟು.

“ಇಲ್ಯಾಕೆ ಮಲಗಿಬಿಟ್ಟಿದೆ?”

“ಅದೊಂದು ಎಡವಟ್ಟು. ಮೂರು ವರ್ಷದ ಹಿಂದೆ, ಜೂನ್ ಹತ್ತರಿಂದ ಜುಲೈ ಇಪ್ಪತ್ತೆರಡು. ಮಾಹಿತಿ ಕೆಟ್ಟಿದೆ ಅಂತ ಕಿತ್ತುಹಾಕಿದೀನಿ. ಇದು ಹಳೇ ಪ್ರತಿ.”

ಎಲ್ಸಿರಾ ಚಹಾದ ಲೋಟ ಕೆಳಗಿಟ್ಟಳು. ಆ ಜೂನ್ ಹತ್ತರಂದು ಅವಳು ವ್ಯಾನು ಹತ್ತಿರಲಿಲ್ಲ. ಗಂಡ ಅಮಾದೋರ್‌ನ ಎದೆ ಗಣಿಯ ಧೂಳು ಕುಡಿದು ಕುಡಿದು ಕೈಕೊಟ್ಟಿತ್ತು. ಹೆರಿಬೆರ್ತೊ ಪುಣ್ಯಾತ್ಮ, ಆರು ವಾರ ಬೆಟ್ಟ ಇಳಿಯದೆ ಅವಳ ಪಾಳಿಯನ್ನೂ ತಾನೇ ಮಾಡಿದ್ದ. ಮಣ್ಣು ಮಾಡಿ ಅವಳು ಮತ್ತೆ ಬಂದದ್ದು ಜುಲೈ ಇಪ್ಪತ್ತೆರಡಕ್ಕೆ.

ಕೋಣೆಗೆ ಹೋಗಿ ಹೆರಿಬೆರ್ತೊಗೆ ಫೋನು ಮಾಡಿದಳು.

“ಏನಯ್ಯಾ, ಸಾರಜನಕ ತುಂಬುವಾಗ ನಲ್ಲಿ ಎಲ್ಲಿ ನಿಲ್ಲಿಸ್ತೀಯಾ?”

“ಇದೇನು ಪ್ರಶ್ನೆ? ಕೆಂಪು ಗುರುತಿಗೆ. ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ಯಾಕೆ, ನೀವೆಲ್ಲಿ ನಿಲ್ಲಿಸ್ತೀರಿ?”

ಅವಳು ಫೋನಿಟ್ಟಳು. ಅವಳ ಅಪ್ಪ ವಿಕುನ್ಯಾದ ಸಂತೆಯಲ್ಲಿ ಒಣದ್ರಾಕ್ಷಿ ಮಾರಿದವನು. ತಕ್ಕಡಿ ಸಮಕ್ಕೆ ಬಂದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಕೊಸರು ಹಾಕದವನು ಕಳ್ಳ, ಇದು ಆ ಕಣಿವೆಯ ನ್ಯಾಯ. ಎಲ್ಸಿರಾಳ ಕೈಗೂ ಅದೇ ರೂಢಿ. ಮುಳ್ಳು ಗುರುತಿಗೆ ಬಂದ ಮೇಲೂ ಎರಡೆಣಿಸುವಷ್ಟು ಹೊತ್ತು ನಲ್ಲಿ ಬಿಡುತ್ತಿದ್ದಳು. ಏಳು ವರ್ಷದ ಹಿಂದೆ ಈ ಹೊಸ ಯಂತ್ರ ಬಂದ ದಿನದಿಂದಲೂ ಹಾಗೆಯೇ. ಪಾಪ, ಇರಲಿ ಅದಕ್ಕೂ ಅಂತ. ಅವಳ ವಾರ ಯಂತ್ರ ಕೂದಲೆಳೆಯಷ್ಟು ಹೆಚ್ಚು ತಣ್ಣಗೆ, ಹೆರಿಬೆರ್ತೊನ ವಾರ ಕೂದಲೆಳೆಯಷ್ಟು ಕಡಿಮೆ. ಗೆರೆ ಏರಿಳಿದದ್ದು ಅದಕ್ಕೇ. ಯಂತ್ರದ ತಿರುಪು ತಿರುಪನ್ನೂ ಪರೀಕ್ಷಿಸಿದ್ದರು ಈ ಮಹಾ ಪಂಡಿತರು. ಅದಕ್ಕೆ ಉಣಿಸುವವರನ್ನು ಪರೀಕ್ಷಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ ಅವಳು ಏನೂ ಹೇಳಲಿಲ್ಲ. ಶನಿವಾರವೂ ಇಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ಆ ಗ್ರಹ ರೆನಾಟಾಗೆ ಎಷ್ಟು ಬೇಕಾಗಿತ್ತೋ ಎಲ್ಸಿರಾಗೂ ಅಷ್ಟೇ ಬೇಕಾಗಿತ್ತು. ಅಮಾದೋರ್‌ಗೆ ಗಣಿಯಲ್ಲೂ ಏಳು-ಏಳು ಪಾಳಿ. ಅವನು ಇಳಿದು ಬರುವ ವಾರ ಇವಳು ಹತ್ತುವ ವಾರ. ಮದುವೆಯಾದವರೆಂದು ಸಾಬೀತು ಮಾಡಲು ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸುತ್ತಿದ್ದರು, ‘ಬೇಳೆ ನೆನೆಸಿದ್ದೇನೆ’, ‘ಒಲೆಯ ಅನಿಲ ಮುಗಿದಿದೆ’ ಎಂದು. ಇಷ್ಟೆಲ್ಲ ಯಾತಕ್ಕಾಗಿ ಎಂದು ಯಾರಾದರೂ ಕೇಳಿದರೆ, ಇದೋ ಇದಕ್ಕಾಗಿ ಎಂದು ಬೆರಳು ತೋರಿಸಲು ಅವಳಿಗೂ ಒಂದು ಲೋಕ ಬೇಕಿತ್ತು. ಸುಮ್ಮನಿದ್ದರೆ ಅದು ಉಳಿಯುತ್ತಿತ್ತು. ಆದರೆ ಆ ಪ್ರಬಂಧ ನಂಬಿ ಯಾರೋ ಇನ್ನೊಂದು ದೇಶದಲ್ಲಿ ಅದರತ್ತ ದೂರದರ್ಶಕ ತಿರುಗಿಸಿ, ತಮ್ಮ ಏಳು ವರ್ಷವನ್ನೂ ಸುರಿದುಬಿಡುತ್ತಿದ್ದರು.

ಭಾನುವಾರ ಮಧ್ಯಾಹ್ನ ರೆನಾಟಾಳ ಎದುರು ಹೋಗಿ ಕೂತಳು.

“ಸೋಮವಾರ ಕಳಿಸ್ಬೇಡ ಕಣಮ್ಮ. ಅದು ಗ್ರಹ ಅಲ್ಲ. ಅದು ನಾನು.”

ಎಲ್ಲ ಹೇಳಿದಳು. ಪಾಳಿ, ಕೊಸರು, ಹೆರಿಬೆರ್ತೊನ ಕೆಂಪು ಗುರುತು, ಒಂದನ್ನೂ ಬಿಡಲಿಲ್ಲ. ರೆನಾಟಾ ಮೊದಲು ನಕ್ಕಳು. ಆಮೇಲೆ ಕಂಪ್ಯೂಟರಿನಲ್ಲಿ ಹಾಜರಿ ಪಟ್ಟಿಯನ್ನು ಗೆರೆಯ ಮೇಲೆ ಇಟ್ಟು ನೋಡಿದಳು. ಏರು ಅಂದರೆ ಎಲ್ಸಿರಾ, ಇಳಿ ಅಂದರೆ ಹೆರಿಬೆರ್ತೊ, ಆ ಸಪಾಟು ಜಾಗ ಬಿಟ್ಟರೆ ಏಳು ವರ್ಷವೂ ಒಂದು ದಿನ ತಪ್ಪದೆ. ರೆನಾಟಾಳ ಮುಖ ಸುಣ್ಣದಂತಾಯಿತು.

“ಯಾರು ಕೇಳಿದ್ರು ನಿಮ್ಮ ಕೊಸರು? ಯಾರಾದ್ರೂ ಕೇಳಿದ್ರಾ?”

“ಇಲ್ಲ.”

“ಏಳು ವರ್ಷ! ನನ್ನ ಮನೆ, ಸಂಸಾರ, ಎಲ್ಲಾ…”

“ಗೊತ್ತು ಕಣೇ. ಬೈಯಿ. ಬೈದುಬಿಡು.”

ಬೈಯುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಮೇಜಿಗೆ ಹಣೆಯಿಟ್ಟಳು. ಹೊರಗೆ ಗಾಳಿ ತಗಡನ್ನು ಬಡಿಯುತ್ತಿತ್ತು. ಕೊನೆಗೆ ತಲೆಯೆತ್ತಿ ಹಾಳೆಯ ಸಪಾಟು ಜಾಗದ ಮೇಲೆ ಬೆರಳಿಟ್ಟಳು.

“ಇಲ್ಲಿ ಎಲ್ಲಿಗೆ ಹೋಗಿದ್ರಿ?”

“ಎಲ್ಲೂ ಇಲ್ಲ. ಮನೇಲಿದ್ದೆ, ಅಮಾದೋರ್ ಪಕ್ಕದಲ್ಲಿ. ಅವನ ಕೊನೇ ಆರು ವಾರ.”

ರೆನಾಟಾ ಬೆರಳು ತೆಗೆಯಲಿಲ್ಲ.

“ಹಾಗಾದ್ರೆ ಏಳು ವರ್ಷದಲ್ಲಿ ಆ ನಕ್ಷತ್ರನ ನಾನು ಸರಿಯಾಗಿ ನೋಡಿದ್ದು ಈ ಆರು ವಾರ ಮಾತ್ರ,” ಎಂದಳು. “ಅದನ್ನೇ ಕಿತ್ತುಹಾಕಿದ್ದೆ.”

“ನಾನೂ ಅಷ್ಟೇ ಕಣಮ್ಮ,” ಎಂದಳು ಎಲ್ಸಿರಾ. “ಮೂವತ್ತು ವರ್ಷದ ಮದುವೇಲಿ ಅವನ ಮುಖ ಸರಿಯಾಗಿ ನೋಡಿದ್ದು ಆ ಆರೇ ವಾರ.”