ಇಲ್ಲದ ಮಿಲ್ಲಿನ ಹತ್ತಿರ ಎಡಕ್ಕೆ

ನಮ್ಮ ಮನೆಗೆ ದಾರಿ ಹೇಳಲು ನನಗೆ ಬರುವುದಿಲ್ಲ. ಹುಟ್ಟಿದ್ದು ಕಗ್ಗದಾಸಪುರದಲ್ಲಿ, ಅರವತ್ತೆರಡು ವರ್ಷದಿಂದ ಇರುವುದೂ ಅಲ್ಲೇ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಚಟ ಬೇರೆ. ಇಂದಿರಾನಗರದಲ್ಲಿ ಕಾಫಿ ಕುಡಿಯುವಾಗ ಯಾರಾದರೂ ‘ನಿಮ್ಮ ನೇಟಿವ್ ಯಾವುದು’ ಎಂದು ಕೇಳಿದರೆ ಸಾಕು, ಕಾಲ ಹೆಬ್ಬೆರಳಿನಿಂದ ನೆಲ ತೋರಿಸಿ ‘ಇದೇ’ ಎನ್ನುತ್ತಿದ್ದೆ. ಅದು ಇಂದಿರಾನಗರದ ನೆಲ ಎಂಬ ಸಣ್ಣ ತಿದ್ದುಪಡಿಯನ್ನು ನನ್ನ ಹೆಂಡತಿ ಸೆಲ್ವಿ ಮನೆಗೆ ಬಂದಮೇಲೆ ಮಾಡುತ್ತಿದ್ದಳು.

ಇಲ್ಲಿನ ಹಳಬರು ದಾರಿ ಹೇಳುವ ಕ್ರಮವೇ ಬೇರೆ. ರಸ್ತೆಗಳಿಗೆ ನಂಬರು ಬಂದು ಬಹಳ ಕಾಲವಾದರೂ ಅವು ನಮ್ಮ ಬಾಯಿಗೆ ಬಂದಿಲ್ಲ. ಟೆಂಟಿನ ಹತ್ತಿರ ಇಳಿದು, ಹುಣಸೆಮರ ದಾಟಿ, ರಾಗಿ ಮಿಲ್ಲಿನ ಹತ್ತಿರ ಎಡಕ್ಕೆ. ಟೆಂಟ್ ಸಿನಿಮಾ ಹೋಗಿ ಮದುವೆ ಛತ್ರ ಬಂತು, ಛತ್ರವೂ ಹೋಗಿ ಅಪಾರ್ಟ್‌ಮೆಂಟ್ ಬಂತು. ಮರ ಇಲ್ಲ. ಮಿಲ್ಲಿನ ಜಾಗದಲ್ಲಿ ಜಿಮ್ ಇದೆ. ಆದರೂ ನಮ್ಮ ನಮ್ಮಲ್ಲಿ ಯಾರೂ ಇದರಿಂದ ದಾರಿ ತಪ್ಪಿಲ್ಲ. ತಪ್ಪುವವರು ಹೊಸಬರು, ಅವರು ತಪ್ಪಿದಾಗ ನಮಗೆ ಒಳಗೊಳಗೇ ಸ್ವಲ್ಪ ಖುಷಿ. ಹಳೆಯ ದಾನಶಾಸನಗಳಲ್ಲೂ ಈ ಪದ್ಧತಿ ಕಾಣುತ್ತದೆ. ಮೂಡಲಿಗೆ ಹುತ್ತ, ತೆಂಕಲಿಗೆ ಮರ, ಪಡುವಲಿಗೆ ಬಂಡೆ ಎಂದು ಎಲ್ಲೆ ಗುರುತಿಸಿ, ಸೂರ್ಯಚಂದ್ರರಿರುವವರೆಗೆ ಇದು ನಡೆಯಲಿ ಎಂದು ಮುಗಿಸುತ್ತಾರೆ. ಸೂರ್ಯಚಂದ್ರರ ಮಾತು ಸರಿ. ಹುತ್ತ ಎಷ್ಟು ಮಳೆಗಾಲ ತಡೆದೀತು ಎಂದು ಕಲ್ಲು ಕೊರೆದವನು ಯೋಚಿಸಿದ್ದನೋ ಇಲ್ಲವೋ.

ನನ್ನ ನೆನಪನ್ನು ನೀವೂ ಪೂರ್ತಿ ನಂಬಬೇಡಿ. ಆ ಮರ ಹುಣಸೆಯಲ್ಲ, ಹೊಂಗೆ ಎಂದು ನಮ್ಮಣ್ಣನ ವಾದ. ನಮ್ಮ ಪ್ರೇಮಕ್ಕೂ ಎರಡು ಪಾಠಗಳಿವೆ. ಶಿವಾಜಿನಗರದಿಂದ ಹೊರಟ ಬಸ್ಸಿನಲ್ಲಿ ನಾನು ಎದ್ದು ಸೀಟು ಬಿಟ್ಟುಕೊಟ್ಟೆ, ಸೆಲ್ವಿ ನಕ್ಕಳು ಎಂಬುದು ನಾನು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದದ್ದು. ಅವಳ ಪಾಠದಲ್ಲಿ, ಹಲಸೂರು ಬರುವವರೆಗೂ ನಾನು ಕಿಟಕಿಯಾಚೆ ನೋಡುತ್ತ ಕೂತೇ ಇದ್ದೆ, ಅವಳು ನಿಂತೇ ಇದ್ದಳು. ಮೂವತ್ತೈದು ವರ್ಷ ಹೇಳಿ ಹೇಳಿ ನನ್ನ ಕತೆ ಎಷ್ಟು ನುಣ್ಣಗಾಗಿದೆಯೆಂದರೆ, ಆ ನುಣುಪು ನೋಡಿಯೇ ಈಗ ಅವಳದ್ದು ನಿಜವಿರಬೇಕು ಎನ್ನಿಸುತ್ತದೆ.

ಇಷ್ಟೆಲ್ಲ ತಮಾಷೆಯಾಗಿಯೇ ಇತ್ತು, ಕಳೆದ ಜನವರಿಯ ಆ ಮಧ್ಯಾಹ್ನದವರೆಗೆ. ಸೆಲ್ವಿಗೆ ಮೊದಲಿಂದಲೂ ಉಬ್ಬಸ. ಅಂದು ಪಕ್ಕದಲ್ಲಿ ಹಳೆಯ ಮನೆಯೊಂದನ್ನು ಒಡೆಯುತ್ತಿದ್ದರು, ಧೂಳು ಒಳಗೆಲ್ಲ ತುಂಬಿತ್ತು. ಇನ್‌ಹೇಲರ್ ಖಾಲಿಯಾಗಿತ್ತು. ಅವಳ ತುಟಿ ಬಣ್ಣಗೆಡುವುದನ್ನು ನೋಡಿ ಆಂಬುಲೆನ್ಸಿಗೆ ಫೋನ್ ಮಾಡಿದೆ.

“ಸಾರ್, ಲೊಕೇಶನ್ ಕಳ್ಸಿ,” ಎಂದ ಡ್ರೈವರು.

ಲೊಕೇಶನ್ ಕಳಿಸುವ ಖಾತೆ ಸೆಲ್ವಿಯದ್ದು. ಸೆಲ್ವಿ ಮಂಚದ ಅಂಚು ಹಿಡಿದು ಉಸಿರಿಗೆ ಒದ್ದಾಡುತ್ತಿದ್ದಳು.

“ಬಾಯಲ್ಲೇ ಹೇಳ್ತೀನಿ ಬಾಪ್ಪಾ. ಹುಣಸೆಮರ ದಾಟಿ ಬಾ, ಮಿಲ್ ಹತ್ರ ಲೆಫ್ಟ್.”

“ಯಾವ್ ಮಿಲ್ಲು ಸಾರ್? ಇಲ್ಲಿ ಮರಾನೂ ಇಲ್ಲ, ಮಿಲ್ಲೂ ಇಲ್ಲ.”

“ಅಲ್ಲೇ ಇದೆಯಲ್ಲಪ್ಪಾ, ಸರಿಯಾಗಿ ನೋಡು.”

ನಿಜವಾಗಿ ಹಾಗೆಂದೆ. ಆ ಕ್ಷಣ ಮಿಲ್ಲು ನನ್ನ ಕಣ್ಣ ಮುಂದಿತ್ತು, ಹಿಟ್ಟು ಮೆತ್ತಿದ ಅದರ ಬೆಲ್ಟಿನ ಸಮೇತ. ಸೈರನ್ ಹತ್ತಿರ ಬಂತು, ಹಿಂದಿನ ಬೀದಿಯಲ್ಲಿ ಹಾದು ದೂರವಾಯಿತು. ಮತ್ತೆ ಬಂತು, ಮತ್ತೆ ಹೋಯಿತು. ಮೂರನೇ ಸಲಕ್ಕೆ, ಮೇಲಿನ ಮಹಡಿಯ ಬಾಡಿಗೆ ಮನೆಯ ಹುಡುಗಿ ಲಿಪಿಕಾ ಮೆಟ್ಟಿಲಿಳಿದು ಓಡಿಬಂದಳು. ಒಡಿಶಾದವಳು, ನಮ್ಮಲ್ಲಿಗೆ ಬಂದು ಎಂಟು ತಿಂಗಳು.

“ಅಂಕಲ್, ಫೋನ್ ಕೊಡಿ.”

ಜಿಮ್ ಆದಮೇಲೆ ಎಡಕ್ಕೆ, ಆರನೇ ಕ್ರಾಸು, ಮೆಡಿಕಲ್ ಶಾಪಿನ ಎದುರು ಎಂದು ಹಿಂದಿಯಲ್ಲಿ ಹೇಳಿದಳು. ಎರಡು ನಿಮಿಷದಲ್ಲಿ ಗಾಡಿ ಬಾಗಿಲಲ್ಲಿತ್ತು. ನಮ್ಮದು ಆರನೇ ಕ್ರಾಸ್ ಎಂದು ನನಗೆ ತಿಳಿದದ್ದು ಹೀಗೆ.

ಆಸ್ಪತ್ರೆಯಲ್ಲಿ ಡಾಕ್ಟರು, “ಇಷ್ಟು ಲೇಟಾಗಿ ಯಾಕೆ ತಂದ್ರಿ?” ಎಂದು ಕೇಳಿದರು. “ಟ್ರಾಫಿಕ್ಕು,” ಎಂದೆ. ಬೆಂಗಳೂರಿನಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳದ ಉತ್ತರ ಅದೊಂದೇ. ಮಾಸ್ಕಿನ ಮೇಲಿಂದ ಸೆಲ್ವಿ ನನ್ನನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು.

ಮನೆಗೆ ಬಂದಮೇಲೆ ಹೊರಮಾವಿನಿಂದ ಅವಳ ತಂಗಿ ಬಂದು ಕೂತಳು. “ಅಕ್ಕಾ, ನಮ್ ಬ್ಲಾಕಲ್ಲೇ ಫ್ಲಾಟ್ ಖಾಲಿ ಇದೆ, ಬಂದ್ಬಿಡಿ. ಗೇಟಲ್ಲಿ ಸೆಕ್ಯೂರಿಟಿ ಇರ್ತಾರೆ, ಆಂಬುಲೆನ್ಸ್ ಸೀದಾ ಲಿಫ್ಟ್ ಹತ್ರ ಬರತ್ತೆ.” ಅವಳು ಹೋದಮೇಲೆ, “ನಡಿ, ಹೋಗ್ಬಿಡೋಣ,” ಎಂದೆ. ತಪ್ಪು ಮಾಡಿದ ಗಂಡಸಿನ ಔದಾರ್ಯಕ್ಕೆ ಮಿತಿಯಿರುವುದಿಲ್ಲ.

“ಹೊರಮಾವು ಆಮೇಲೆ ನೋಡೋಣ ರೀ,” ಎಂದಳು ಸೆಲ್ವಿ. “ಮೊದ್ಲು ನೀವು ಕಗ್ಗದಾಸಪುರಕ್ಕೆ ಬನ್ನಿ. ಮದ್ವೆಯಾಗಿ ಬಂದಾಗಿಂದ ಇಲ್ಲಿ ನಾನೊಬ್ಳೇ ಇದೀನಿ.”

ನಾನು ಕಿಟಕಿಯಾಚೆ ನೋಡಿದೆ.

“ಒಂದ್ ತಿಂಗ್ಳು ಟೈಮು. ಆಗ್ಲಿಲ್ಲ ಅಂದ್ರೆ ನಾನು ತಂಗಿ ಹತ್ರ ಹೋಗ್ತೀನಿ, ನೀವು ನಿಮ್ ಮಿಲ್ ಹತ್ರ ಇರಿ. ತಮಾಷೆ ಅಲ್ಲ. ಭಯ ಆಗತ್ತೆ ನಂಗೆ.”

ಕೆಲಸದ ಮೇಲೆ ನಾನು ದೇಶವೆಲ್ಲ ಸುತ್ತಿದವನು. ಗುವಾಹಾಟಿಯ ಗಲ್ಲಿಗಳಲ್ಲಿ ಬೋರ್ಡು ಓದಿಕೊಂಡು, ಅಂಗಡಿ ಎಣಿಸಿಕೊಂಡು ನಡೆದು ಒಮ್ಮೆಯೂ ತಪ್ಪಿಸಿಕೊಂಡಿರಲಿಲ್ಲ. ಪರವೂರಿನಲ್ಲಿ ಕಣ್ಣು ತೆರೆದೇ ಇರುತ್ತದೆ, ಯಾಕೆಂದರೆ ಅಲ್ಲಿ ನಮಗೆ ಏನೂ ಗೊತ್ತಿಲ್ಲವೆಂಬುದು ಗೊತ್ತಿರುತ್ತದೆ. ಈಗ ದಿನಾ ಸಂಜೆ ಹಾಗೆಯೇ ಹೊರಟೆ. ಕೇರಳದವರ ಬೇಕರಿ, ಮೊಬೈಲ್ ರಿಪೇರಿ, ಮೂರು ಪಿ.ಜಿ., ಒಂದು ಯೋಗ ಕ್ಲಾಸು. ಎಲ್ಲವೂ ಬಂದು ವರ್ಷಗಳಾಗಿದ್ದವು, ಅವುಗಳ ನಡುವೆಯೇ ನಾನು ದಿನವೂ ಹಾಲು ತಂದಿದ್ದೆ. ನಿಂತು ನಿಂತು ಬೋರ್ಡು ಓದುತ್ತಿದ್ದವನನ್ನು ಮೆಡಿಕಲ್ ಶಾಪಿನಾಕೆ, “ಏರಿಯಾಗೆ ಹೊಸಬ್ರಾ ಅಂಕಲ್?” ಎಂದು ಕೇಳಿದಳು. ನಮ್ಮ ತಾತನ ಹೊಲವಿದ್ದದ್ದು ಅವಳ ಅಂಗಡಿಯ ಕೆಳಗೆ. ಹೇಳಬೇಕೆಂದು ಬಾಯಿ ತೆರೆದೆ. “ಹೂಂನಮ್ಮಾ,” ಎಂದೆ.

ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ಸೆಲ್ವಿ ಹೊಸ ಇನ್‌ಹೇಲರನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

“ಸಾರ್, ಆಂಬುಲೆನ್ಸು. ಮೇನ್ ರೋಡಲ್ಲಿದೀನಿ. ಎಲ್ಲಿ ಬರ್ಬೇಕು?”

ಸೆಲ್ವಿಯ ದನಿ. ನಗು ಬಂತು. ಹೇಳುತ್ತ ಹೋದೆ. ಬೇಕರಿ ಎದುರಿಂದ ಒಳಗೆ, ಎರಡನೇ ತಿರುವು, ಬಲಗಡೆ ಯೋಗ ಕ್ಲಾಸು. ಅವಳು ಒಂದೊಂದಕ್ಕೂ “ಹೂಂ, ಬಂತು ಸಾರ್” ಎನ್ನುತ್ತಿದ್ದಳು. ಆಮೇಲೆ ಒಮ್ಮೆಲೇ, “ಇಲ್ಲಿ ರೋಡು ಅಗ್ದಿದಾರೆ ಸಾರ್, ಮುಂದೆ ಹೋಗಕ್ಕಾಗಲ್ಲ,” ಎಂದಳು. ನಿನ್ನೆ ಸಂಜೆ ಅಲ್ಲಿ ಯಾರೂ ಅಗೆದಿರಲಿಲ್ಲ. ನನ್ನ ಪಾಠ ಅಲ್ಲಿಗೆ ಮುಗಿಯಿತು. ಫೋನು ಕಿವಿಯಲ್ಲೇ ಇಟ್ಟುಕೊಂಡು, ಚಪ್ಪಲಿಯಿಲ್ಲದೆ ಬೀದಿಗಿಳಿದು ಓಡಿದೆ. ಗುಂಡಿಯ ಆಚೆ ಅವಳು, ಈಚೆ ನಾನು. ಇಬ್ಬರಿಗೂ ಏದುಸಿರು.

“ಏನ್ ಸಾರ್, ಪೇಷೆಂಟ್‌ನ ಒಬ್ರನ್ನೇ ಬಿಟ್ಟು ಬಂದ್ಬಿಟ್ರಾ?” ಎಂದಳು, ಫೋನಿನಲ್ಲೇ.

ಕೈ ಚಾಚಿದೆ. ಹಿಡಿದು, ಗುಂಡಿಗೆ ಅಡ್ಡ ಹಾಕಿದ್ದ ಹಲಗೆಯ ಮೇಲೆ ದಾಟಿ ಬಂದಳು. ನನ್ನ ಬರಿಗಾಲನ್ನು ನೋಡಿದಳು, ಫೋನು ಆರಿಸಿ ಚೀಲಕ್ಕೆ ಹಾಕಿದಳು.

“ಪರ್ವಾಗಿಲ್ಲ,” ಎಂದಳು. “ಬದುಕ್ಕೋತೀನಿ.”